ಟ್ರುಗನಿನಾದ ಕೊಳಕ್ಕೆ ಮೀನು ಬಿಟ್ಟ ವರ್ಷ

ಹೋದ ನವೆಂಬರ್‌ನಲ್ಲಿ ಗೆಳತಿಯೊಬ್ಬಳ ಗೃಹಪ್ರವೇಶಕ್ಕೆಂದು ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗಿದ್ದೆ. ನಗರದ ಪಶ್ಚಿಮದ ಅಂಚಿನ ಟ್ರುಗನಿನಾದಲ್ಲಿ ಹೊಸ ಮನೆ. ಪೂಜೆ ಮುಗಿದು, ಗ್ಯಾರೇಜಿನಲ್ಲಿ ಹಾಕಿದ್ದ ಬಾಡಿಗೆ ಟೇಬಲ್ಲುಗಳ ಮೇಲೆ ಊಟವೂ ಆದ ಮೇಲೆ ಮಗಳ ಕೈ ಹಿಡಿದು ಸುಮ್ಮನೆ ಹೊರಗೆ ನಡೆದೆ. ಎರಡು ಬೀದಿ ದಾಟುವಷ್ಟರಲ್ಲಿ ಗಾಳಿಯಲ್ಲಿ ಒಂದು ವಾಸನೆ ಬಂತು. ಬಿಸಿಲಿಗೆ ಕಾದ ಕೆಸರು, ಕೊಳೆತ ಜೊಂಡು, ಜೊತೆಗೆ ಸ್ವಲ್ಪ ಲಾರಿಯ ಡೀಸೆಲ್. ನಾನು ಅಲ್ಲೇ ನಿಂತೆ. ಆರೂವರೆ ವರ್ಷ ಈ ಬೀದಿಗಳ ಕಡೆ ತಲೆ ಹಾಕಿರಲಿಲ್ಲ. ಕೇಳಿದವರಿಗೆ ಕೆಲಸ, ದೂರ, ಮಗುವಿನ ಸ್ಕೂಲು ಎಂದು ಕಾರಣ ಹೇಳುತ್ತಿದ್ದೆ. ಅವೆಲ್ಲ ನೆಪ. ನಾನು ತಪ್ಪಿಸಿಕೊಂಡು ತಿರುಗುತ್ತಿದ್ದುದು ಆ ಬೀದಿಯ ಕೊನೆಯಲ್ಲಿದ್ದ ಕೊಳದಿಂದ.

ಏಳು ವರ್ಷದ ಹಿಂದೆ ನನಗೆ ಇಪ್ಪತ್ತೊಂಬತ್ತು. ತುಮಕೂರಿನವಳು. ಪರಿಸರ ವಿಜ್ಞಾನದಲ್ಲಿ ಮಾಸ್ಟರ್ಸ್ ಮಾಡಲು ಮೆಲ್ಬರ್ನ್‌ಗೆ ಬಂದು, ಡಿಗ್ರಿ ಸಿಕ್ಕಿದ ಮೇಲೂ ಎರಡು ವರ್ಷ ವೇರ್‌ಹೌಸಿನಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸಿದ್ದೆ. ಜೊತೆಗೆ ಓದಿದ ಪ್ರಸಾದನನ್ನೇ ಮದುವೆಯಾಗಿದ್ದೆ. ಅವನು ಉಡುಪಿ ಕಡೆಯ ತುಳು ಮಾತಾಡುವ ಮನೆಯವನು. ಇಬ್ಬರೂ ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ಆಗಿ ಇರುವ ಅನುಮತಿಗೆ, ಅರ್ಜಿ ಹಾಕಿ ಕಾಯುತ್ತಿದ್ದೆವು. ಇಮೇಲ್ ಬಂದ ಸದ್ದಾದರೆ ಸಾಕು, ಇಬ್ಬರ ಕೈಯೂ ಒಟ್ಟಿಗೆ ಫೋನಿನ ಕಡೆ ಹೋಗುತ್ತಿತ್ತು. ಹೀಗಿರುವಾಗ ಸೆಪ್ಟೆಂಬರ್‌ನಲ್ಲಿ ನನ್ನ ಓದಿಗೆ ಸಂಬಂಧಪಟ್ಟ ಮೊದಲ ಕೆಲಸ ಸಿಕ್ಕಿತು. ಹೊಸ ಬಡಾವಣೆಗಳ ನಡುವೆ ಉಳಿಸಿದ ಕೊಳಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಕಂಪನಿಯಲ್ಲಿ ಕಪ್ಪೆ ಎಣಿಸುವ ಕೆಲಸ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅದಕ್ಕೂ ಸಂಬಳ ಕೊಡ್ತಾರೇನೇ?" ಎಂದಳು.

ಕೊಳ ಇದ್ದದ್ದು ನಮ್ಮ ಬಾಡಿಗೆ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ, ಮನೆಗಳ ಕೊನೆಯ ಸಾಲಿಗೂ ವೇರ್‌ಹೌಸುಗಳ ಬೂದು ಗೋಡೆಗೂ ನಡುವೆ. ಮೆಲ್ಬರ್ನಿನ ಪಶ್ಚಿಮದ ಆ ನೆಲ ತಟ್ಟೆಯಂತೆ ಚಪ್ಪಟೆ. ಮರ ಕಡಿಮೆ, ಗಾಳಿ ಜಾಸ್ತಿ, ಎಲ್ಲಿ ಅಗೆದರೂ ಕಪ್ಪು ಕಲ್ಲು. ಆ ಕಲ್ಲುಗಳ ಅಡಿಯಲ್ಲಿ ಚಳಿಗಾಲ ಕಳೆದು, ಸೆಪ್ಟೆಂಬರ್ ಬಿಸಿಲಿಗೆ ಹೊರಬಂದು ನೀರಿಗಿಳಿಯುವ ಗ್ರೌಲಿಂಗ್ ಗ್ರಾಸ್ ಫ್ರಾಗ್ ಎಂಬ ಕಪ್ಪೆ ನನ್ನ ಪಾಲಿಗೆ ಬಂತು. ಅಂಗೈ ತುಂಬುವ ಗಾತ್ರ, ಎಳೆ ಹುಲ್ಲಿನ ಹಸಿರು, ಮೇಲೆ ಕಂಚಿನ ಬಣ್ಣದ ಮಚ್ಚೆ, ಬೆನ್ನುದ್ದಕ್ಕೂ ಒಂದು ತಿಳಿಹಸಿರು ಗೆರೆ. ನೆಗೆಯುವಾಗ ಮಾತ್ರ ತೊಡೆಯ ಒಳಗಿನ ನೀಲಿ ಕಾಣುತ್ತದೆ. ಹಗಲಿನಲ್ಲಿ ಕಲ್ಲಿನ ಮೇಲೆ ಕೂತು ಮೈ ಕಾಯಿಸಿಕೊಳ್ಳುವ ಕಪ್ಪೆಯನ್ನು ನಾನು ಮೊದಲು ನೋಡಿದ್ದು ಅಲ್ಲೇ. ಒಂದು ಕಾಲಕ್ಕೆ ಈ ಸೀಮೆಯ ಹಳ್ಳಕೊಳ್ಳಗಳಲ್ಲೆಲ್ಲ ಇತ್ತಂತೆ. ನಾನು ಬರುವ ಹೊತ್ತಿಗೆ ಇಂಥ ಬೇಲಿ ಹಾಕಿದ ಕೆಲವು ಕೊಳಗಳಲ್ಲಿ ಉಳಿದಿತ್ತು.

ಕೆಲಸ ಕಲಿಸಿದವಳು ನನ್ನ ಮೇಲಿನ ಅಧಿಕಾರಿ ಹೆಲೆನ್. ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಆದರೆ ಕ್ರಿಕೆಟ್ ಫ್ರಾಗ್ ಎಂದರೆ ಅವಳ ಮಾತು ನಿಲ್ಲುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿನ ಜೌಗು ನೆಲದಲ್ಲಿ ಬದುಕುವ ಆ ಪುಟ್ಟ ಕಪ್ಪೆಯ ಹಿಂದೆ ಕೆಲವು ವರ್ಷ ಅಲೆದಿದ್ದಳು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಮರಗಪ್ಪೆಗಳ ಕುಲದಲ್ಲಿ ಹುಟ್ಟಿಯೂ ಮರ ಹತ್ತುವುದಿಲ್ಲ. ಕೆಸರಿನ ದಂಡೆ ಬಿಟ್ಟು ಕದಲುವುದಿಲ್ಲ. ಎರಡು ಬೆಣಚುಕಲ್ಲು ಒಂದಕ್ಕೊಂದು ತಟ್ಟಿದರೆ ತನ್ನವರೇ ಕರೆದರೆಂದು ತಿಳಿದು ಅದೇ ಸದ್ದಿನಲ್ಲಿ ಓಗೊಡುತ್ತದೆ. ಹೆಚ್ಚಿನವು ಎರಡನೆಯ ಚಳಿಗಾಲ ನೋಡುವುದೇ ಇಲ್ಲ. "ಒಂದು ವರ್ಷ ಮರಿ ಉಳಿಯದೆ ಹೋದರೆ ಸಾಕು, ಮರುವರ್ಷ ಆ ಕೊಳದಲ್ಲಿ ಮೌನ," ಎನ್ನುತ್ತಿದ್ದಳು ಹೆಲೆನ್. "ನಮ್ಮ ಈ ದೊಡ್ಡ ಕಪ್ಪೆಗೆ ಇನ್ನೊಂದೆರಡು ವರ್ಷ ಹೆಚ್ಚು ಸಿಗುತ್ತದೆ. ಅದಕ್ಕೇ ಇಲ್ಲಿ ಮೋಸ ಹೋಗುವುದು ಸುಲಭ. ಕೂಗು ಕೇಳುತ್ತಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡ. ಮರಿ ನೋಡು."

ನಮ್ಮ ಕಪ್ಪೆಯನ್ನು ಮಾತಾಡಿಸಲು ಕಲ್ಲು ಸಾಲದು. ಗಂಟಲಿನ ತಳದಿಂದ ಗುರುಗುಟ್ಟಬೇಕು. ಗಂಡು ಕಪ್ಪೆಯ ಕೂಗು ಒದ್ದರೂ ಸ್ಟಾರ್ಟ್ ಆಗದ ಮೊಪೆಡ್ಡಿನ ಸದ್ದಿನಂತಿರುತ್ತದೆ. ಸಂಜೆ ವಾಕಿಂಗ್ ಬಂದ ಜನರ ಎದುರಿಗೆ ಬೇಲಿಯ ಒಳಗೆ ನಿಂತು ಹಾಗೆ ಗುರುಗುಟ್ಟಲು ನನಗೆ ನಾಚಿಕೆ. ಆ ನಾಚಿಕೆ ಹೋಗಿಸಿದವರು ನನ್ನ ಮಾವ.

ಮಾವ ಅಕ್ಟೋಬರ್‌ನಲ್ಲಿ ಆರು ತಿಂಗಳ ವಿಸಿಟರ್ ವೀಸಾದ ಮೇಲೆ ಬಂದರು. ಮೂವತ್ತು ವರ್ಷ ಕರಾವಳಿಯಲ್ಲಿ ಆರೋಗ್ಯ ಇಲಾಖೆಯ ಮಲೇರಿಯಾ ವಿಭಾಗದಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಅವರಿಗೆ ತುಳು, ಕನ್ನಡ. ನನಗೆ ಕನ್ನಡ ಮಾತ್ರ. ಹಾಗಾಗಿ ಅವರು ಮಗನ ಜೊತೆ ತುಳುವಿನಲ್ಲಿಯೂ ನನ್ನ ಜೊತೆ ಮಂಗಳೂರು ಕನ್ನಡದಲ್ಲಿಯೂ ಮಾತಾಡುತ್ತಿದ್ದರು. ಬಂದ ಮೂರನೆಯ ದಿನವೇ ನನ್ನ ಜೊತೆ ಕೊಳಕ್ಕೆ ಹೊರಟರು. ಬೇಲಿಯೊಳಗೆ ಅವರನ್ನು ಬಿಡುವಂತಿರಲಿಲ್ಲ. ದಾರಿ ಪಕ್ಕದ ಬೆಂಚಿನಲ್ಲಿ ಕೂತರು. ನಾನು ಒಮ್ಮೆ ಗುರುಗುಟ್ಟಿದ್ದು ಕೇಳಿ, "ಅಷ್ಟು ಮೆಲ್ಲಗೆ ಕರೆದರೆ ಯಾರು ಬರ್ತಾರೆ ಮಗಾ?" ಎಂದು ಕೂತಲ್ಲಿಂದಲೇ ಒಂದು ಸಲ ಗರ್ಜಿಸಿದರು. ಜೊಂಡಿನೊಳಗಿಂದ ಐದಾರು ಕಪ್ಪೆ ಒಟ್ಟಿಗೆ ಉತ್ತರ ಕೊಟ್ಟವು. ಮಾವ ಮಗುವಿನಂತೆ ನಕ್ಕರು. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು, ಅಂದಿನಿಂದ ಮಾವ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ವಾರಕ್ಕೆರಡು ಸಂಜೆ ಅದೇ ನಮ್ಮ ದಿನಚರಿ. ಈ ದೇಶದಲ್ಲಿ ನನಗೆ ಅವರಷ್ಟು ಹತ್ತಿರದ ಗೆಳೆಯರು ಬೇರೆ ಯಾರೂ ಇರಲಿಲ್ಲ.

ನವೆಂಬರ್ ಮೊದಲ ವಾರ ನಾನು ಬಸುರಿ ಎಂದು ಗೊತ್ತಾಯಿತು. ಅದೇ ವಾರ ಸೆಕೆ ಏರಿತು, ಸೊಳ್ಳೆಯೂ ಎದ್ದಿತು. ಪ್ಯಾಂಟಿನ ಮೇಲಿಂದಲೇ ಕಚ್ಚುವ ಸೊಳ್ಳೆ. ಮೊಣಕಾಲಿನ ಕೆಳಗೆಲ್ಲ ದದ್ದು ಎದ್ದು, ರಾತ್ರಿ ಊಟಕ್ಕೆ ಕೂತರೂ ಕೆರೆದುಕೊಳ್ಳುತ್ತಿದ್ದೆ. ಸೊಳ್ಳೆಗೆ ಮಾವ ನುಸಿ ಅನ್ನುತ್ತಿದ್ದರು.

"ಇಷ್ಟು ದೊಡ್ಡ ದೇಶ, ನುಸಿಗೆ ಒಂದು ವ್ಯವಸ್ಥೆ ಇಲ್ವಾ?" ಎಂದು ನನ್ನ ಕಾಲು ನೋಡಿ ಸಿಟ್ಟು ಮಾಡಿದರು. "ಈ ಹೊತ್ತಲ್ಲಿ ನಿನಗೆ ಎಂತಾದ್ರೂ ಜ್ವರ ಬಂದರೆ? ಬಸುರಿಯರಿಗೆ ಜ್ವರ ಬಂದದ್ದು ನಾನು ಕಮ್ಮಿ ನೋಡ್ಲಿಲ್ಲ."

"ಇಲ್ಲಿ ಮಲೇರಿಯಾ ಇಲ್ಲ ಮಾವ. ಕ್ರೀಮ್ ಹಚ್ಕೋತೀನಿ, ಬಿಡಿ," ಎಂದೆ. ಮಾತು ಮುಗಿಯಿತೆಂದೇ ನಾನು ತಿಳಿದೆ.

ಡಿಸೆಂಬರ್ ಮಧ್ಯದಲ್ಲಿ, ಒಂದು ಮಧ್ಯಾಹ್ನ, ಗೊದಮೊಟ್ಟೆ ನೋಡಲು ಬಲೆ ಹಾಕಿದಾಗ ಕೊಳದ ಅಂಚಿನಲ್ಲಿ ಬೆರಳಿನ ಗಾತ್ರವೂ ಇಲ್ಲದ ಮೀನುಗಳು ಕಂಡವು. ಬೂದು ಮೈ, ಮೇಲ್ಮುಖವಾದ ಬಾಯಿ, ನೀರಿನ ಮೇಲ್ಪದರಕ್ಕೆ ಅಂಟಿಕೊಂಡಂತೆ ಈಜು. ಗಂಬೂಸಿಯಾ. ಸೊಳ್ಳೆ ಮರಿ ತಿನ್ನುತ್ತದೆ ಎಂದು ಅಮೆರಿಕದಿಂದ ಲೋಕದ ತುಂಬ ಹಂಚಿದ ಮೀನು. ಹೆಲೆನಳ ಕ್ರಿಕೆಟ್ ಫ್ರಾಗ್ ಆ ಮೀನಿನ ಜೊತೆಗೇ ಯುಗಗಟ್ಟಲೆ ಬದುಕಿ ಅದರಿಂದ ತಪ್ಪಿಸಿಕೊಳ್ಳುವುದನ್ನು ಕಲಿತಿದೆ. ಇಲ್ಲಿನ ಕಪ್ಪೆಗೆ ಅದು ಹೊಸತು. ಮೀನು ಮೊಟ್ಟೆ ತಿನ್ನುತ್ತದೆ, ಚಿಕ್ಕ ಗೊದಮೊಟ್ಟೆ ತಿನ್ನುತ್ತದೆ, ತಿನ್ನಲಾಗದ ದೊಡ್ಡದರ ಬಾಲ ಹರಿಯುತ್ತದೆ. ನನ್ನ ಬಲೆಯಲ್ಲಿ ನೂರಾರು ಇರಬೇಕಾದಲ್ಲಿ ನಾಲ್ಕೇ ಗೊದಮೊಟ್ಟೆ ಇದ್ದವು. ನಾಲ್ಕರ ಬಾಲವೂ ಹರಿದಿತ್ತು.

ಮನೆಗೆ ಬಂದವಳೇ, "ಯಾರೋ ಕೊಳಕ್ಕೆ ಮೀನು ಬಿಟ್ಟಿದ್ದಾರೆ," ಎಂದೆ.

ಮಾವನ ಮುಖ ಅರಳಿತು. "ನಾನೇ ಬಿಟ್ಟದ್ದು ಮಾರಾಯ್ತಿ! ನಿನಗೆ ಆಮೇಲೆ ಹೇಳುವ ಅಂತ ಇದ್ದೆ. ತಿಂಗಳಾಯ್ತು. ಆಚೆ ನೀರು ಹರಿಯುವ ತೋಡಿನಲ್ಲಿ ರಾಶಿ ಉಂಟು, ಪಂಚೆಯಲ್ಲಿ ಹಿಡಿದು ಬಕೆಟಿನಲ್ಲಿ ತಂದೆ. ನಮ್ಮ ಊರಿನ ಬಾವಿಗಳಿಗೆಲ್ಲ ನಾನೇ ಅಲ್ವಾ ಬಿಟ್ಟದ್ದು? ಈಗ ನುಸಿ ಸ್ವಲ್ಪ ಕಮ್ಮಿ ಆಗ್ಲಿಲ್ವಾ ನಿನಗೆ?"

ಒಂದು ಬಿಳಿ ಟ್ರೇಯಲ್ಲಿ ತಂದಿದ್ದ ಗೊದಮೊಟ್ಟೆಯನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು. ಅದು ಒಂದೇ ಕಡೆಗೆ ವಾಲಿ ಸುತ್ತುತ್ತಿತ್ತು. ನಾನು ಎಲ್ಲ ಹೇಳಿದೆ.

"ನಮ್ಮ ಬಾವಿಗಳಲ್ಲಿಯೂ ಕಪ್ಪೆ ಇತ್ತಲ್ಲ ಮಗಾ," ಎಂದರು ಕೊನೆಗೆ. "ಮೂವತ್ತು ವರ್ಷ ಬಾವಿಗೆ ಬಗ್ಗಿದ್ದೇನೆ. ನುಸಿ ಮಾತ್ರ ನೋಡಿದ್ದು." ಮತ್ತೆ ಎದ್ದು ನಿಂತು, "ನಿನ್ನ ಹೆಲೆನ್ ಮೇಡಂಗೆ ಹೇಳುವ. ಈಗಲೇ ಫೋನ್ ಮಾಡು," ಎಂದರು.

ತಡೆದವನು ಪ್ರಸಾದ. ಅಂಥ ಮೀನನ್ನು ನೀರಿಗೆ ಬಿಡುವುದು ಇಲ್ಲಿ ಅಪರಾಧ ಎಂದು ಫೋನಿನಲ್ಲಿ ಹುಡುಕಿ ತೋರಿಸಿದ. "ಫೈನ್ ಹಾಕಿದ್ರೆ ಕಟ್ಟುವ, ಅದಲ್ಲ. ಅಪ್ಪನನ್ನು ಸ್ಪಾನ್ಸರ್ ಮಾಡಿದ್ದು ನಾವು. ನೀನೇ ಆ ಕೊಳದ ಕೆಲಸದವಳು. ನಮ್ಮ ಪಿಆರ್ ಫೈಲ್ ಮೇಲೆ ಇದೆಲ್ಲ ಬಂದ್ರೆ? ಮಗು ಬೇರೆ ಬರ್ತಾ ಉಂಟು. ಎರಡು ತಿಂಗಳು ಸುಮ್ನೆ ಇರು, ಪ್ಲೀಸ್. ಮೀನು ಮಳೆ ನೀರಲ್ಲಿ ಬಂತು ಅಂತ ಅವರೇ ಅಂದ್ಕೊಳ್ತಾರೆ."

ಅವನ ಮೇಲೆ ಹೊರೆ ಹಾಕಿ ನಾನು ಜಾರಿಕೊಳ್ಳುವುದಿಲ್ಲ. ಅವನು ಬಾಯಿಬಿಟ್ಟು ಹೇಳಿದ್ದನ್ನು ನಾನು ದಾರಿಯಲ್ಲಿ ಬರುವಾಗಲೇ ಯೋಚಿಸಿದ್ದೆ. ಮೂರು ವಾರಕ್ಕೊಮ್ಮೆ ನಾನು ತುಂಬಬೇಕಾದ ಫಾರಂನಲ್ಲಿ ಒಂದು ಸಾಲಿತ್ತು: ಮೀನು ಕಂಡಿತೇ, ಹೌದು ಅಥವಾ ಇಲ್ಲ. ಆ ಸಂಜೆ 'ಇಲ್ಲ' ಎಂಬುದರ ಮುಂದೆ ಗುರುತು ಹಾಕಿ ಸಹಿ ಮಾಡಿದೆ. ಜನವರಿಯಲ್ಲಿ ಇನ್ನೆರಡು ಸಲ ಹಾಗೇ ಮಾಡಿದೆ. ಅಂದೇ ಹೇಳಿದ್ದರೆ ಪಂಪ್ ಹಾಕಿ ನೀರು ಇಳಿಸಿ, ಮೀನು ತೆಗೆದು, ಕೊನೆಯ ಮೊಟ್ಟೆಗಳನ್ನಾದರೂ ಉಳಿಸಬಹುದಿತ್ತು. ಅದು ಗೊತ್ತಿದ್ದೇ ಗುರುತು ಹಾಕಿದೆ.

ಮಾವ ಆ ದಿನದಿಂದ ಬದಲಾದರು. ಬೆಳಗಿನ ಚಹಾ ಆದ ಕೂಡಲೇ ಪಂಚೆ, ಬಕೆಟ್ ಹಿಡಿದು ಕೊಳಕ್ಕೆ ಹೋಗುವರು. ಮೊಣಕಾಲೆತ್ತರದ ಆ ಬೇಲಿ ದಾಟಿ, ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಪಂಚೆಯ ತುದಿ ನೀರಿಗಿಳಿಸಿ, ಬಿಟ್ಟ ಮೀನನ್ನು ಮತ್ತೆ ಹಿಡಿಯುವರು. ದಾರಿಯಲ್ಲಿ ಹೋಗುವವರು ಯಾರೋ ಅಜ್ಜ ಹೊತ್ತು ಕಳೆಯುತ್ತಿದ್ದಾರೆಂದು ಕೈ ಬೀಸುತ್ತಿದ್ದರು. ಹಿಡಿದಷ್ಟೂ ಹೆಚ್ಚಿದವು, ಅದು ಮೊಟ್ಟೆ ಇಡುವ ಮೀನಲ್ಲ, ಜೀವಂತ ಮರಿ ಹಾಕುವ ಮೀನು. ಇದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು, ಆದರೂ ಹೋಗುತ್ತಿದ್ದರು. ಮೀನಿಲ್ಲದೆ ಊಟ ಇಳಿಯದ ಮನುಷ್ಯ, "ಸದ್ಯ ಮೀನು ತರಬೇಡ," ಎಂದು ಮಗನಿಗೆ ಹೇಳಿದರು. ಕಪ್ಪೆಯಂತೆ ಗುರುಗುಟ್ಟುವುದನ್ನೂ ಬಿಟ್ಟರು.

ಜನವರಿಯಿಡೀ ಕೊಳ ಎಂದಿನಂತೆ ಗದ್ದಲವಾಗಿತ್ತು. ದೊಡ್ಡ ಕಪ್ಪೆಗಳಿಗೆ ಮೀನು ಏನೂ ಮಾಡುವುದಿಲ್ಲ. ನಾನು ಕಳಿಸಿದ ಕೂಗಿನ ಎಣಿಕೆ ನೋಡಿ ಹೆಲೆನ್ ಖುಷಿಯಾಗಿ, ಒಳ್ಳೆಯ ವರ್ಷ, ಮರಿಗಳನ್ನು ಫೆಬ್ರವರಿಯಲ್ಲಿ ಎಣಿಸೋಣ ಎಂದು ಬರೆದಳು. ಆ ಇಮೇಲ್ ಓದಿ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ಪ್ರತಿ ಸಂಜೆ ಗಂಡುಗಳು ಕರೆಯುತ್ತಿದ್ದವು, ಹೆಣ್ಣುಗಳು ಬರುತ್ತಿದ್ದವು, ಮೊಟ್ಟೆಯ ರಾಶಿ ನೀರಿನ ಮೇಲೆ ತೇಲುತ್ತಿತ್ತು, ಎರಡು ದಿನದಲ್ಲಿ ಅದು ಇರುತ್ತಿರಲಿಲ್ಲ. ನನ್ನ ಹೊಟ್ಟೆಯೊಳಗೆ ಮಗು ಮೊದಲ ಸಲ ಮಿಸುಕಿದ್ದು ಆ ದಂಡೆಯ ಮೇಲೆ ನಿಂತಾಗಲೇ. ಸಂತೋಷಪಡಲು ನನಗೆ ಧೈರ್ಯವಾಗಲಿಲ್ಲ.

ಫೆಬ್ರವರಿಯಲ್ಲಿ ಬಾಲ ಉದುರಿದ ಮರಿಗಪ್ಪೆಗಳನ್ನು ಎಣಿಸಲು ಹೆಲೆನ್ ತಾನೇ ಬಂದಳು. ಒಂದು ಗಂಟೆ ಹುಡುಕಿದರೂ ಒಂದೂ ಇರಲಿಲ್ಲ. ಬಲೆ ಎತ್ತಿದಾಗ ಅದರ ತುಂಬ ಮೀನು. ಅವಳು ನನ್ನ ಕಡೆ ತಿರುಗುವ ಮೊದಲೇ ಬೇಲಿಯಾಚೆ ಬೆಂಚಿನಿಂದ ಮಾವ ಎದ್ದು ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಅದನ್ನು ಬೆಳಿಗ್ಗೆಯೇ ನಾನು ಗಮನಿಸಬೇಕಿತ್ತು.

ಅವರಿಗೆ ತಿಳಿದಷ್ಟು ಇಂಗ್ಲಿಷಿನಲ್ಲಿ, ಮೇಲಧಿಕಾರಿಯ ಮುಂದೆ ನಿಂತಂತೆ ನೆಟ್ಟಗೆ ನಿಂತು ಹೇಳಿದರು. ಮೀನು ಬಿಟ್ಟದ್ದು ನಾನು. ಊರಿನಲ್ಲಿ ಅದೇ ನನ್ನ ಕೆಲಸವಾಗಿತ್ತು, ಇಲ್ಲಿ ತಪ್ಪು ಎಂದು ತಿಳಿದಿರಲಿಲ್ಲ. ಈ ಹುಡುಗಿಗೆ ಏನೂ ಗೊತ್ತಿಲ್ಲ. ಬಿಟ್ಟು ಹತ್ತು ದಿನವಾಯಿತು.

ಹತ್ತು ದಿನದಲ್ಲಿ ಇಷ್ಟೊಂದೇ ಎಂದು ಹೆಲೆನ್ ಕೇಳಿದಳು. ಹೊಟ್ಟೆ ತುಂಬ ಮರಿಯಿದ್ದ ಮೀನುಗಳನ್ನೇ ಆರಿಸಿ ತಂದೆ, ಈ ಸೆಕೆಗೆ ಬಿಟ್ಟ ದಿನವೇ ಮರಿ ಹಾಕಿರುತ್ತವೆ ಎಂದು ಮಾವ ವಿವರಿಸಿದರು. ಮೂವತ್ತು ವರ್ಷದ ಅನುಭವವನ್ನೆಲ್ಲ ಹಾಕಿ ಹೇಳಿದ ಸುಳ್ಳು ಅದು. ನಂಬದಿರಲು ಅವಳಿಗೆ ಕಾರಣವಿರಲಿಲ್ಲ. ನನ್ನ ಮೂರು ಫಾರಂಗಳೂ ಆ ಮಾತಿನಿಂದ ಸತ್ಯವಾದವು. ಹೆಲೆನ್ ನನ್ನನ್ನು ನೋಡಿದಳು. ನಾನು ಬಲೆ ತೊಳೆಯಲು ಬಗ್ಗಿದೆ.

ನಾವು ಹೆದರಿದ್ದು ಯಾವುದೂ ಆಗಲಿಲ್ಲ. ಮೀನುಗಾರಿಕೆ ಇಲಾಖೆಯಿಂದ ಮಾವನಿಗೆ, ಇನ್ನು ಮುಂದೆ ಹೀಗೆ ಮಾಡಬೇಡಿ ಎಂಬ ಒಂದು ಸೌಮ್ಯವಾದ ಪತ್ರ ಬಂತು. ಮಾರ್ಚ್‌ನಲ್ಲಿ ಪಿಆರ್ ಬಂತು. ಏಪ್ರಿಲ್‌ನಲ್ಲಿ ಮಾವನನ್ನು ಬಿಡಲು ಏರ್‌ಪೋರ್ಟಿಗೆ ಹೋದೆವು. ಪ್ರಸಾದ ಟ್ರಾಲಿ ತರಲು ಹೋದಾಗ ಅವರು ನನ್ನ ತಲೆ ಮೇಲೆ ಕೈಯಿಟ್ಟರು.

"ನಾನು ಮಾಡಿದ್ದು ಗೊತ್ತಿಲ್ಲದೆ ಮಗಾ. ನೀನು ಬರೆದದ್ದು ಗೊತ್ತಿದ್ದು. ಇನ್ನು ಹೆದರಿಕೆ ಇಲ್ಲ ಅಲ್ವಾ? ಆ ಫಾರಂ ಸರಿ ಮಾಡು."

"ಆಯ್ತು ಮಾವ," ಎಂದೆ. ಮಾಡಲಿಲ್ಲ. ಮೇ ತಿಂಗಳಲ್ಲಿ ಪ್ರಸಾದನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು, ಅದರ ಹೊರವಲಯದ ಗಿರಾವೀನ್‌ಗೆ ಬಂದೆವು, ಜೂನ್‌ನಲ್ಲಿ ಮಗಳು ಹುಟ್ಟಿದಳು. ಪ್ರತಿ ಭಾನುವಾರ ಮಾವನ ಜೊತೆ ವೀಡಿಯೊದಲ್ಲಿ ಮಾತು. ಅವರು ಮತ್ತೆ ಆ ವಿಷಯ ಎತ್ತಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಅವರು ಕೇಳದ ಒಂದೊಂದು ಭಾನುವಾರವೂ ನಾನು ಅವರ ಮುಖ ನೋಡದೆ ಮಗುವನ್ನು ಮುಂದೆ ಹಿಡಿಯುತ್ತಿದ್ದೆ.

ಹೋದ ನವೆಂಬರ್‌ನಲ್ಲಿ ಆ ಕೊಳದ ದಂಡೆಯಲ್ಲಿ ನಿಂತಾಗ ನೀರು ತಿಳಿಯಾಗಿತ್ತು, ಜೊಂಡು ಹಸಿರಾಗಿತ್ತು. ಗಂಡುಗಳು ಹಗಲಲ್ಲೂ ಕೂಗಬೇಕಾದ ತಿಂಗಳು. ಅರ್ಧ ಗಂಟೆ ನಿಂತೆ. ಬೇಲಿಯ ಬಳಿ ಹೊಸದಾಗಿ ಒಂದು ಬೋರ್ಡು ಹಾಕಿದ್ದರು. ಕಪ್ಪೆಯ ಚಿತ್ರ, ಕೆಳಗೆ ನಾಲ್ಕು ಸಾಲು. ಒಂದನೇ ಕ್ಲಾಸಿನ ನನ್ನ ಮಗಳು ಸಿಕ್ಕಿದ್ದನ್ನೆಲ್ಲ ಓದುವ ವಯಸ್ಸಿನವಳು. ಬೆರಳಿಟ್ಟು ಒಂದೊಂದೇ ಪದ ಓದಿದಳು. ಇಲ್ಲಿ ಈ ಕಪ್ಪೆ ಇತ್ತು, ಒಂದು ಬೇಸಿಗೆ ಗೊದಮೊಟ್ಟೆಗಳು ಒಮ್ಮೆಲೇ ಇಲ್ಲವಾದವು, ಕಾರಣ ಇನ್ನೂ ತಿಳಿದಿಲ್ಲ.

"ಅಮ್ಮಾ, ನೋಬಡಿ ನೋಸ್ ವೈ," ಎಂದಳು.

"ನನಗೆ ಗೊತ್ತು," ಎಂದೆ. ಏಳು ವರ್ಷದಲ್ಲಿ ಮೊದಲ ಸಲ ಆ ಮಾತು ನನ್ನ ಬಾಯಿಂದ ಹೊರಬಿತ್ತು, ಅದೂ ಆರು ವರ್ಷದ ಮಗುವಿನ ಮುಂದೆ. ಅವಳು ಮುಂದಿನದನ್ನು ಕೇಳಲು ಮುಖ ಎತ್ತಿ ಕಾದಳು. ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ, ಅವಳಿಗೆ ಅರ್ಥವಾಗುವ ಹಾಗೆ. ಅಜ್ಜ ಏನು ಮಾಡಿದರು, ನಾನು ಏನು ಮಾಡಿದೆ.

ಸಿಡ್ನಿಗೆ ವಾಪಸಾದ ಮರುದಿನ ಹೆಲೆನ್‌ಗೆ ಬರೆದೆ. ಮೂರು ಫಾರಂಗಳ ವಿಷಯವನ್ನೂ ಬಿಡದೆ ಬರೆದೆ. ಎರಡು ದಿನದ ಮೇಲೆ ಉತ್ತರ ಬಂತು. ಅವಳು ಬೈದಿರಲಿಲ್ಲ, ಕ್ಷಮಿಸಿದ್ದೇನೆಂದೂ ಬರೆದಿರಲಿಲ್ಲ. ಗೊದಮೊಟ್ಟೆಗಳು ಸತ್ತಾಗ ಮೀನು ಇರಲಿಲ್ಲ ಎಂದು ನನ್ನ ಫಾರಂ ಹೇಳಿದ್ದರಿಂದ, ನೀರಿನಲ್ಲೇ ವಿಷವಿದೆಯೋ, ರೋಗವಿದೆಯೋ ಎಂದು ಎರಡು ವರ್ಷ ಹುಡುಕಿದರಂತೆ. ಆ ಸಂಶಯದಿಂದಲೇ ಬೇರೆ ಕೊಳದ ಮರಿಗಳನ್ನು ತಂದು ಅಲ್ಲಿ ಬಿಡಲಿಲ್ಲವಂತೆ. ಆ ಫೆಬ್ರವರಿಯಲ್ಲೇ ಮೀನು ತೆಗೆದರೂ ಉಳಿದ ಮುದಿ ಕಪ್ಪೆಗಳಿಂದ ಕೊಳ ಮತ್ತೆ ತುಂಬಲಿಲ್ಲ, ಕೊನೆಯ ಗಂಡು ಕೂಗಿ ಮೂರು ವರ್ಷವಾಗಿದೆ. ಈಗ ದಾಖಲೆ ತಿದ್ದಬೇಕು. ಬಿಟ್ಟ ದಿನ, ಎಷ್ಟು ಮೀನು, ಗೊತ್ತಿದ್ದರೆ ಕಳಿಸು.

ಆ ಭಾನುವಾರ, ಹಿಂದೆ 'ಇಲ್ಲ' ಎಂಬುದಕ್ಕೆ ಗುರುತು ಹಾಕಿದ್ದ ಕೈಯಲ್ಲೇ ಫೋನ್ ಹಿಡಿದು ಉಡುಪಿಗೆ ಕರೆ ಮಾಡಿದೆ. ಮಗಳನ್ನು ಮುಂದೆ ಕೂರಿಸಲಿಲ್ಲ. ಮಾವನಿಗೆ ಈಗ ಎಪ್ಪತ್ತನಾಲ್ಕು. ಕಿವಿ ಮಂದವಾಗಿದೆ, ಗಟ್ಟಿಯಾಗಿ ಹೇಳಬೇಕು.

"ಹೆಲೆನ್‌ಗೆ ಎಲ್ಲಾ ಬರೆದೆ ಮಾವ. ಫಾರಂ ವಿಷಯಾನೂ."

ಅವರು ಟೀವಿ ಆರಿಸಿದರು. ಸ್ವಲ್ಪ ಹೊತ್ತು ಕೆಮ್ಮಿದರು. "ಎಂತ ಹೇಳಿದರು?"

"ಯಾವತ್ತು ಬಿಟ್ಟಿದ್ದು, ಎಷ್ಟು ಬಿಟ್ಟಿದ್ದು ಅಂತ ಕೇಳಿದ್ದಾರೆ. ನವೆಂಬರ್ ಅಂತ ಮಾತ್ರ ಹೇಳ್ದೆ. ಇನ್ನೇನೂ ನಂಗೆ ಗೊತ್ತಿಲ್ಲ."

"ಪೆನ್ನು ಉಂಟಾ?" ಎಂದರು. "ನವೆಂಬರ್ ಎರಡನೇ ಗುರುವಾರ, ಬೆಳಿಗ್ಗೆ. ನಿನ್ನ ಸ್ಕ್ಯಾನಿಂಗ್ ಇತ್ತು ಆ ದಿನ, ನೀವಿಬ್ಬರೂ ಆಸ್ಪತ್ರೆಗೆ ಹೋಗಿದ್ರಿ. ಅರುವತ್ತೆರಡು ಮೀನು. ಅದರಲ್ಲಿ ಹದಿನೇಳು ಬಸುರಿ. ಬರ್ಕೊ ಮಗಾ, ಸರಿಯಾಗಿ ಬರ್ಕೊ."